‘ಎಲ್ಲಾ ಟೇಬಲ್ ಸಾಗೂ ಹೊಂದುತ್ತೆ’ ಅನ್ನುವ ಜಿಗ್‌ಗಳು ನನ್ನ ಶೆಡ್‌ಗೆ ಬಂದಾಗ

ಇಲ್ಲಿ ವಿಮರ್ಶೆ ಮಾಡುತ್ತಿರುವುದು ಟೇಬಲ್ ಸಾಗೆ, ಅಂದರೆ ಮೇಜಿನ ಸೀಳಿನಿಂದ ಬ್ಲೇಡ್ ಮೇಲೆದ್ದಿರುವ ಗರಗಸದ ಯಂತ್ರಕ್ಕೆ, ಜೋಡಿಸುವ ನಾಲ್ಕು ಸಾಮಾನುಗಳನ್ನು. ಹಲಗೆಯನ್ನು ಸರಿಯಾಗಿ ಹಿಡಿದು ಕೊಯ್ಯಲು ನೆರವಾಗುವ ಇಂಥವನ್ನು ಜಿಗ್ ಅನ್ನುತ್ತಾರೆ. ಒಂದು ಮೈಟರ್ ಗೇಜ್ (ಹಲಗೆಯನ್ನು ಬೇಕಾದ ಕೋನಕ್ಕೆ ಹಿಡಿದು ಬ್ಲೇಡಿನತ್ತ ತಳ್ಳುವ ಸಾಧನ), ಒಂದು ಜೋಡಿ ಫೆದರ್‌ಬೋರ್ಡ್, ಒಂದು ಟೇಪರ್ ಜಿಗ್, ಒಂದು ಬಾಕ್ಸ್ ಜಾಯಿಂಟ್ ಜಿಗ್. ಮೊದಲ ಮೂರನ್ನು ಆನ್‌ಲೈನ್‌ನಲ್ಲಿ ತರಿಸಿದೆ. ಕೊನೆಯದನ್ನು ತಂಗಿಯ ಮಗ ಅಮೆರಿಕದಿಂದ ಬರುವಾಗ ತಂದುಕೊಟ್ಟ. ನಾಲ್ಕರ ಡಬ್ಬಿಯ ಮೇಲೂ ಎಲ್ಲಾ ಟೇಬಲ್ ಸಾಗಳಿಗೂ ಹೊಂದುತ್ತದೆ ಅಂತ ಬರೆದಿತ್ತು. ನನ್ನ ಯಂತ್ರಕ್ಕೆ ತಕರಾರಿಲ್ಲದೆ ಕೂತಿದ್ದು ಒಂದೇ ಒಂದು.

ಕಂಪನಿಗಳ ಹೆಸರು ಹಾಕುವುದಿಲ್ಲ. ಇದೇ ಸಾಮಾನು ಬೇರೆ ಬೇರೆ ಹೆಸರಲ್ಲಿ, ಒಮ್ಮೆ ಕೆಂಪು ಬಣ್ಣದಲ್ಲಿ, ಇನ್ನೊಮ್ಮೆ ನೀಲಿಯಲ್ಲಿ ಬರುತ್ತಿರುತ್ತದೆ. ಹೆಸರು ಹೇಳಿದರೂ ನಿಮಗೆ ಉಪಯೋಗವಿಲ್ಲ. ಅಳತೆ ಹೇಳುತ್ತೇನೆ, ಅದು ಉಪಯೋಗಕ್ಕೆ ಬರುತ್ತದೆ.

ನಾನು ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಡ್ರಾಯಿಂಗ್ ಹೇಳಿಕೊಟ್ಟು ನಿವೃತ್ತಳಾದವಳು. ಊರು ಶಿವಮೊಗ್ಗ. ಮನೆಯ ಹಿಂದಿನ ಶೆಡ್‌ನಲ್ಲಿ ತೇಗ, ಹಲಸು, ಸಿಲ್ವರ್ ಓಕ್ ತುಂಡುಗಳಲ್ಲಿ ಡಬ್ಬಿ, ಟ್ರೇ, ಮಣೆ ಮಾಡುತ್ತೇನೆ. ವರ್ನಿಯರ್ ಕ್ಯಾಲಿಪರ್ ಇಲ್ಲದೆ ಇವಳು ಅಡುಗೆಮನೆಗೂ ಹೋಗಲ್ಲ ಅಂತ ಮನೆಯಲ್ಲಿ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ನನ್ನ ಟೇಬಲ್ ಸಾ ಎತ್ತಿಕೊಂಡು ಓಡಾಡಬಹುದಾದ ಜಾಬ್‌ಸೈಟ್ ಮಾದರಿ. 10 ಇಂಚಿನ ಬ್ಲೇಡು, ಬ್ಲೇಡಿನ ನಡುವಿನ ತೂತು 30 ಮಿ.ಮೀ., ಮೇಜು ಅಲ್ಯೂಮಿನಿಯಂ. ಈ ಮೂರು ಸಂಗತಿ ನೆನಪಿಟ್ಟುಕೊಳ್ಳಿ, ಮುಂದಿನ ಜಗಳವೆಲ್ಲ ಇವುಗಳದ್ದೇ.

ಜಗಳದ ಮೂಲ ಎಲ್ಲಿದೆ ಅಂದರೆ, ಅಂಗಡಿಯಲ್ಲಿ ಸಿಗುವ ಜಿಗ್‌ಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಅಮೆರಿಕದ ದೊಡ್ಡ ಕ್ಯಾಬಿನೆಟ್ ಸಾಗಳಿಗಾಗಿ. ಎರಕದ ಕಬ್ಬಿಣದ ಮೇಜು, ಮುಂದಿನಿಂದ ಹಿಂದಕ್ಕೆ 27 ಇಂಚು. ಮೇಜಿನ ಮೇಲೆ ಬ್ಲೇಡಿನ ಎರಡೂ ಪಕ್ಕ ಒಂದೊಂದು ಉದ್ದದ ತೋಡು, ಜಿಗ್‌ನ ಪಟ್ಟಿ ಜಾರಿಕೊಂಡು ಹೋಗಲು. ಅದೇ ಮೈಟರ್ ಸ್ಲಾಟ್. ಅದರ ಅಗಲ ಮುಕ್ಕಾಲು ಇಂಚು, ಆಳ ಇಂಚಿನ ಎಂಟರಲ್ಲಿ ಮೂರು ಭಾಗ. ನಮ್ಮ ಬಡಗಿಗಳ ಲೆಕ್ಕದಲ್ಲಿ ಆರು ನೂಲು ಅಗಲ, ಮೂರು ನೂಲು ಆಳ. ಮಿ.ಮೀ.ಗೆ ತಿರುಗಿಸಿದರೆ 19.05 ಮತ್ತು 9.5. ಅಲ್ಲಿ ಇದು ಎಷ್ಟು ರೂಢಿಯಾಗಿದೆ ಎಂದರೆ ಜಿಗ್ ಮಾಡುವವರು ಬೇರೆ ಅಳತೆಯ ಬಗ್ಗೆ ತಲೆ ಕೆಡಿಸಿಕೊಳ್ಳುವುದೇ ಇಲ್ಲ. ಇಂಕ್ರಾ, ಕ್ರೆಗ್ ತರಹದ ಹೆಸರಾಂತ ಮೈಟರ್ ಗೇಜ್‌ಗಳೂ ಇದೇ ಸ್ಲಾಟ್‌ಗೆ ಅಂತಲೇ ಮಾಡಿದವು. ಅವನ್ನು ನೋಡಿ ಮಾಡಿದ ಅಗ್ಗದ ಮಾದರಿಗಳೂ ಅಷ್ಟೇ.

ಈಗ ನನ್ನ ಯಂತ್ರದ ಸ್ಲಾಟ್. ವರ್ನಿಯರ್ ಹಿಡಿದರೆ ಮುಂದಿನ ತುದಿಯಲ್ಲಿ 19.3, ಹಿಂದಿನ ತುದಿಯಲ್ಲಿ 19.1. ಆಳ 9.2. ಕಾಗದದ ಮೇಲೆ ಇದು ಮುಕ್ಕಾಲು ಇಂಚಿನ ಸ್ಲಾಟೇ. ಆದರೆ ಮುಂದಿಗೂ ಹಿಂದಿಗೂ 0.2 ಮಿ.ಮೀ. ವ್ಯತ್ಯಾಸ ಇದೆ. ಅಷ್ಟಕ್ಕೆಲ್ಲ ಏನಾಗುತ್ತೆ ಅಂತ ಕೇಳಬೇಡಿ, ಹೇಳುತ್ತೇನೆ.

ಮೈಟರ್ ಗೇಜ್‌ನಿಂದಲೇ ಶುರು ಮಾಡೋಣ. ಮೂರೂವರೆ ಸಾವಿರ ರೂಪಾಯಿ. ನೋಡಲು ಚೆನ್ನಾಗಿದೆ. ಕೋನದ ಗುರುತುಗಳು ಲೇಸರ್‌ನಲ್ಲಿ ಕೊರೆದವು, ಸ್ಪಷ್ಟವಾಗಿವೆ. 90, 45, 22.5ಕ್ಕೆ ಪಿನ್ ಟಕ್ಕನೆ ಕೂರುತ್ತದೆ. ಹಲಗೆ ಒರಗುವ ಅಲ್ಯೂಮಿನಿಯಂ ಪಟ್ಟಿ, ಅಂದರೆ ಗೇಜ್‌ನ ಫೆನ್ಸ್, ನೆಟ್ಟಗಿದೆ. ಸ್ಟೀಲ್ ಸ್ಕೇಲ್ ಇಟ್ಟು ಬೆಳಕಿಗೆ ಹಿಡಿದೆ, ಸಂದು ಕಾಣಲಿಲ್ಲ. ವಸ್ತು ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಸಮಸ್ಯೆ ಇರುವುದು ಅದರ ಕೆಳಗಿನ ಬಾರ್‌ನಲ್ಲಿ.

ಬಾರ್‌ನ ದಪ್ಪ ಸರಿಯಾಗಿ 9.5. ನನ್ನ ಸ್ಲಾಟಿನ ಆಳ 9.2. ಅಂದರೆ ಬಾರ್ ತಳಕ್ಕೆ ತಾಗಿದ ಮೇಲೂ 0.3 ಮಿ.ಮೀ. ಮೇಲೆ ಎದ್ದಿರುತ್ತದೆ. ಹಲಗೆ ಅದರ ಮೇಲೆ ಕೂತು ಅತ್ತಿತ್ತ ಅಲುಗಾಡುತ್ತದೆ. ಸುತ್ತುತ್ತಿರುವ ಬ್ಲೇಡಿನ ಮುಂದೆ ಅಲುಗಾಡುವ ಹಲಗೆ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಬಾರ್‌ನ ತುದಿಗೆ ಇನ್ನೊಂದು ದುಂಡು ಬಿಲ್ಲೆ ಇದೆ, ಅಗಲ ಸುಮಾರು 24 ಮಿ.ಮೀ. ಸ್ಲಾಟಿನ ತಳ ‘ಟಿ’ ಆಕಾರದಲ್ಲಿ ಉದ್ದಕ್ಕೂ ಅಗಲವಾಗಿದ್ದರೆ ಈ ಬಿಲ್ಲೆ ಅದರೊಳಗೆ ಸೇರಿಕೊಂಡು ಗೇಜ್ ಮೇಲೇಳದಂತೆ ಹಿಡಿಯುತ್ತದೆ. ನನ್ನದರಲ್ಲಿ ‘ಟಿ’ ಇಲ್ಲ, ನೆಟ್ಟನೆ ಗೋಡೆ. ಬಿಲ್ಲೆಯ ಸ್ಕ್ರೂ ಬಿಚ್ಚಿ ತೆಗೆಯುವವರೆಗೂ ಗೇಜ್ ಒಳಗೇ ಹೋಗಲಿಲ್ಲ. ತೆಗೆದ ಮೇಲೆ ಹೋಯಿತು. ಆದರೆ ಅಗಲದ ಹಲಗೆ ಇಟ್ಟು ಗೇಜನ್ನು ಮುಂದಕ್ಕೆ ಎಳೆದುಕೊಂಡರೆ ಮೇಜಿನ ಅಂಚಿನಿಂದ ತಲೆ ಕೆಳಗೆ ಬಾಗುತ್ತದೆ, ಹಿಡಿಯಲು ಬಿಲ್ಲೆ ಇಲ್ಲವಲ್ಲ. ಇದು ಚಿಕ್ಕ ಯಂತ್ರ ಇರುವ ಎಲ್ಲರ ಗೋಳು. ಬ್ಲೇಡಿನ ಮುಂದೆ ಮೇಜು ಇರುವುದೇ ಗೇಣಿಗಿಂತ ಸ್ವಲ್ಪ ಜಾಸ್ತಿ. ಒಂದಡಿ ಅಗಲದ ಹಲಗೆ ಇಟ್ಟರೆ ಗೇಜ್ ಅರ್ಧ ಗಾಳಿಯಲ್ಲಿ.

ಬಾರ್‌ನ ದಪ್ಪ ಇಳಿಸಲು ಲೇತ್ ವರ್ಕ್‌ಶಾಪ್‌ಗೆ ಕೊಟ್ಟೆ. ಮಿಲ್ಲಿಂಗ್‌ನಲ್ಲಿ ತಳದಿಂದ 0.4 ತೆಗೆದುಕೊಟ್ಟರು. ಅಲ್ಯೂಮಿನಿಯಂ ಆದ್ದರಿಂದ ಬೇಗ ಆಯಿತು. ಉಕ್ಕಿನ ಬಾರ್ ಆಗಿದ್ದರೆ ಹೆಚ್ಚು ಹೊತ್ತು, ಹೆಚ್ಚು ದುಡ್ಡು.

ಇನ್ನು ಅಗಲ. ಬಾರ್‌ನ ಪಕ್ಕದಲ್ಲಿ ಸಣ್ಣ ಸಣ್ಣ ನೈಲಾನ್ ಸ್ಕ್ರೂಗಳಿವೆ. ತಿರುಗಿಸಿದರೆ ಹೊರಗೆ ಬಂದು ಸ್ಲಾಟಿನ ಗೋಡೆಗೆ ಒತ್ತುತ್ತವೆ, ಆಟ ಇಲ್ಲದಂತೆ ಮಾಡುತ್ತವೆ. ಒಳ್ಳೆಯ ಉಪಾಯ, ಸ್ಲಾಟ್ ಉದ್ದಕ್ಕೂ ಒಂದೇ ಅಗಲ ಇದ್ದರೆ. ನನ್ನದರಲ್ಲಿ ಮುಂದಿನ 19.3ಕ್ಕೆ ಹೊಂದಿಸಿದರೆ ಹಿಂದೆ ಹೋಗಿ ಸಿಕ್ಕಿಕೊಳ್ಳುತ್ತದೆ. ಹಿಂದಿನ 19.1ಕ್ಕೆ ಹೊಂದಿಸಿದರೆ ಮುಂದೆ ಗಡಗಡ. ಕೊನೆಗೆ ಹಿಂದಿನದಕ್ಕೆ ಹೊಂದಿಸಿ, ತಳ್ಳುವಾಗ ಬಾರನ್ನು ಯಾವಾಗಲೂ ಬ್ಲೇಡ್ ಕಡೆಯ ಗೋಡೆಗೆ ಒತ್ತಿಕೊಂಡೇ ಹೋಗುವ ಅಭ್ಯಾಸ ಮಾಡಿಕೊಂಡಿದ್ದೇನೆ. ಒಂದು ಗೋಡೆ ನೆಟ್ಟಗಿದ್ದರೆ ಸಾಕು, ಇನ್ನೊಂದು ಹೇಗಿದ್ದರೂ ನಡೆಯುತ್ತದೆ.

ಇದೆಲ್ಲ ಆದ ಮೇಲೆ ಗೇಜ್ 90 ಡಿಗ್ರಿ ಕೊಡುತ್ತದೋ ಇಲ್ಲವೋ ನೋಡಲು ಮೂಲೆಮಟ್ಟ ಸಾಲದು. ಐದು ಕೊಯ್ತದ ಪರೀಕ್ಷೆ ಮಾಡಿ. ಒಂದು ಚೌಕದ ಪ್ಲೈವುಡ್ ತಗೊಳ್ಳಿ. ಒಂದು ಪಕ್ಕ ಕೊಯ್ಯಿರಿ, ಕೊಯ್ದ ಪಕ್ಕವನ್ನು ಫೆನ್ಸ್‌ಗೆ ತಿರುಗಿಸಿಟ್ಟು ಮುಂದಿನದು, ಹೀಗೆ ನಾಲ್ಕೂ ಪಕ್ಕ. ಐದನೆಯದಾಗಿ ಮೊದಲ ಪಕ್ಕವನ್ನೇ ಮತ್ತೆ, ಒಂದು ಬೆರಳಗಲದ ಪಟ್ಟಿ ಉದುರುವ ಹಾಗೆ. ಆ ಪಟ್ಟಿಯ ಎರಡು ತುದಿಯ ಅಗಲವನ್ನು ಕ್ಯಾಲಿಪರ್‌ನಲ್ಲಿ ಅಳೆಯಿರಿ. ತಪ್ಪು ಪ್ರತಿ ತಿರುವಿಗೂ ಸೇರುತ್ತಾ ಹೋಗಿ ನಾಲ್ಕು ಪಟ್ಟು ದೊಡ್ಡದಾಗಿ ಕಾಣುತ್ತದೆ. 300 ಮಿ.ಮೀ. ಉದ್ದದ ಪಟ್ಟಿಯಲ್ಲಿ ವ್ಯತ್ಯಾಸ 0.4 ಬಂದರೆ, ನಿಜವಾದ ತಪ್ಪು ಅಷ್ಟುದ್ದಕ್ಕೆ 0.1. ನನ್ನದು ಈಗ ಅದಕ್ಕಿಂತ ಕಮ್ಮಿ ಬರುತ್ತಿದೆ. ಡಬ್ಬಿ ಮಾಡುವವರಿಗೆ ಇಷ್ಟು ಧಾರಾಳ.

ಇದೇ ಗೇಜ್‌ನ ಫೆನ್ಸ್‌ಗೆ ಮರದ ಪಟ್ಟಿ ಕಟ್ಟಬೇಕಿತ್ತು, ಕೊಯ್ಯುವಾಗ ಹಿಂದೆ ಸಿಬಿರು ಏಳದಂತೆ. ಜೊತೆಯಲ್ಲಿ ಬಂದ ಬೋಲ್ಟ್ ಗಿಡ್ಡ. ಅಂಗಡಿಯಿಂದ ತಂದ 6 ಮಿ.ಮೀ. ಬೋಲ್ಟ್ ಅದರ ನಾಬ್‌ನಲ್ಲಿ ಹೋದ ಹಾಗೆ ಮಾಡಿ ಜಾರುತ್ತಿತ್ತು. ಯಾಕೆಂದರೆ ನಾಬ್‌ನ ಮರೆ, ಅಂದರೆ ಥ್ರೆಡ್, ಕಾಲು ಇಂಚಿನದು, ಇಂಚಿಗೆ 20 ಸುತ್ತು. ನಾನು ತಂದ 6 ಮಿ.ಮೀ. (ಎಂ6) ಬೋಲ್ಟ್‌ನ ಸುತ್ತು 1 ಮಿ.ಮೀ.ಗೊಂದು. ಇಲ್ಲಿ ಮಾತ್ರ ನಮ್ಮ ಹಳೆಯ ಇಂಗ್ಲಿಷ್ ಅಳತೆ ಕೈ ಹಿಡಿಯಿತು. ಹಾರ್ಡ್‌ವೇರ್ ಅಂಗಡಿಯಲ್ಲಿ ‘ಎರಡು ನೂಲು ಬೋಲ್ಟ್’ ಅಂತ ಕೇಳಿ. ವಿಟ್‌ವರ್ತ್ ಮರೆಯ ಕಾಲು ಇಂಚಿನ ಬೋಲ್ಟ್ ಕೊಡುತ್ತಾರೆ. ಅದಕ್ಕೂ ಇಂಚಿಗೆ 20 ಸುತ್ತೇ. ಮರೆಯ ಕೋನ ವಿಟ್‌ವರ್ತ್‌ನಲ್ಲಿ 55 ಡಿಗ್ರಿ, ನಾಬ್‌ನ ಅಮೆರಿಕದ ಮರೆಯಲ್ಲಿ 60. ಡ್ರಾಯಿಂಗ್ ಪರೀಕ್ಷೆಯಲ್ಲಿ ಹುಡುಗರು ಎರಡನ್ನೂ ಒಂದೇ ತರ ಬರೆದರೆ ಅಂಕ ಕಳೆಯುತ್ತಿದ್ದೆ. ಆದರೆ ಮರದ ಪಟ್ಟಿ ಬಿಗಿಯುವ ಕೆಲಸಕ್ಕೆ ಪರವಾಗಿಲ್ಲ, ಹಿಡಿಯುತ್ತದೆ.

ಗೇಜ್‌ಗೆ ಐದರಲ್ಲಿ ಮೂರೂವರೆ. ಲೇತ್ ಖರ್ಚು ಸೇರಿಸಿದ ಮೇಲೂ.

ಫೆದರ್‌ಬೋರ್ಡ್ ಬಗ್ಗೆ. ಹಲಗೆಯನ್ನು ಉದ್ದಕ್ಕೆ ಸೀಳುವಾಗ ಅದು ಯಂತ್ರದ ಫೆನ್ಸ್‌ಗೆ, ಅಂದರೆ ಬ್ಲೇಡಿಗೆ ಸಮಾನಾಂತರವಾಗಿ ಮೇಜಿನ ಮೇಲೆ ನಿಲ್ಲುವ ಉದ್ದದ ಪಟ್ಟಿಗೆ, ಒತ್ತಿಕೊಂಡಿರುವಂತೆ ನೋಡಿಕೊಳ್ಳುವ ಬಾಚಣಿಗೆಯಂತಹ ವಸ್ತು. ಎರಡು ಬಗೆ ಸಿಗುತ್ತದೆ. ಮ್ಯಾಗ್ನೆಟ್‌ನದು ನೋಡಲು ಬಲು ಸೊಗಸು. ಮೇಜಿನ ಮೇಲೆ ಎಲ್ಲಿ ಬೇಕೋ ಅಲ್ಲಿ ಇಟ್ಟು ಗುಂಡಿ ತಿರುಗಿಸಿದರೆ ಆಯಿತು. ಆದರೆ ಅದು ಕಬ್ಬಿಣದ ಮೇಜಿಗೆ ಮಾತ್ರ. ಅಲ್ಯೂಮಿನಿಯಂಗೆ ಮ್ಯಾಗ್ನೆಟ್ ಅಂಟುವುದಿಲ್ಲ ಅನ್ನುವುದು ಹೈಸ್ಕೂಲ್ ಪಾಠ. ಆದರೂ ಮಾರಾಟದ ಪುಟದಲ್ಲಿ ‘ಟೇಬಲ್ ಸಾಗೆ’ ಅಂತಷ್ಟೇ ಇರುತ್ತದೆ, ಯಾವ ಮೇಜು ಅಂತ ಇರುವುದಿಲ್ಲ. ಅದನ್ನು ಕೊಂಡು ಬೈದುಕೊಂಡವರ ವಿಮರ್ಶೆ ಬೇಕಾದಷ್ಟು ಓದಿದ್ದೇನೆ.

ನಾನು ತರಿಸಿದ್ದು ಸ್ಲಾಟಿನಲ್ಲಿ ಕೂರುವ ಬಗೆ. ಅದರ ಕೆಳಗಿನ ಪಟ್ಟಿ ಎರಡು ಸೀಳಾಗಿದೆ. ನಾಬ್ ಬಿಗಿದರೆ ಸೀಳು ಅಗಲವಾಗಿ ಸ್ಲಾಟಿನ ಗೋಡೆ ಕಚ್ಚುತ್ತದೆ. ನನ್ನ 19.3ಕ್ಕೂ ಕಚ್ಚಿತು, ಸಂತೋಷ. ಆದರೆ ಕೈಯಲ್ಲಿ ಎಷ್ಟು ಬಲ ಇದೆಯೋ ಅಷ್ಟೂ ಹಾಕಿ ಬಿಗಿಯಬೇಡಿ. ಕಬ್ಬಿಣದ ಮೇಜು ತಡೆಯುತ್ತದೆ, ತೆಳು ಅಲ್ಯೂಮಿನಿಯಂ ಅಂಚಿನ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ. ಫೆದರ್‌ಬೋರ್ಡ್ ಕೂರಬೇಕಾದದ್ದು ಬ್ಲೇಡಿಗಿಂತ ಮುಂಚೆ, ನಮ್ಮ ಕಡೆ. ಬ್ಲೇಡಿನ ಪಕ್ಕಕ್ಕೆ ಹೋದರೆ ಕೊಯ್ದ ಸೀಳನ್ನು ಒತ್ತಿ ಮುಚ್ಚಿ ಬ್ಲೇಡನ್ನು ಹಿಡಿದುಬಿಡುತ್ತದೆ, ಹಲಗೆ ನಮ್ಮ ಹೊಟ್ಟೆಗೇ ವಾಪಸ್ ಬರುತ್ತದೆ. ಚಿಕ್ಕ ಮೇಜಿನಲ್ಲಿ ಬ್ಲೇಡ್ ಪೂರ್ತಿ ಎತ್ತಿದರೆ ಮುಂದೆ ಉಳಿಯುವ ಜಾಗದಲ್ಲಿ ಜೋಡಿಯ ಎರಡನ್ನೂ ಸಾಲಾಗಿ ಇಡಲು ಆಗುವುದಿಲ್ಲ. ಎರಡನೆಯದು ಡಬ್ಬಿಯಲ್ಲೇ ಇದೆ. ಒಂದೇ ಸಿಕ್ಕರೆ ಒಂದೇ ತಗೊಳ್ಳಿ. ಐದರಲ್ಲಿ ನಾಲ್ಕು.

ಟೇಪರ್ ಜಿಗ್‌ಗೆ ತಕರಾರಿಲ್ಲ. ಅದು ಸ್ಲಾಟನ್ನೇ ಕೇಳುವುದಿಲ್ಲ, ಫೆನ್ಸ್‌ಗೆ ಒರಗಿಕೊಂಡು ಹೋಗುತ್ತದೆ. ಸ್ಟೂಲ್ ಕಾಲು ಸಪೂರ ಮಾಡಲು ಸಾಕು. ಐದು.

ಫೆನ್ಸ್ ಅಂದಾಗ ಒಂದು ಮಾತು. ಫೆನ್ಸ್‌ನ ಮೇಲೆ ಕೂತು ಓಡುವ ಜಿಗ್‌ಗಳೂ ಇವೆ. ಹಲಗೆಯನ್ನು ನೆಟ್ಟಗೆ ನಿಲ್ಲಿಸಿ ತುದಿ ಕೊಯ್ಯಲು ಬಳಸುವ ಟೆನನ್ ಜಿಗ್ ಹೀಗೆ ಬರುತ್ತದೆ. ಅವುಗಳಲ್ಲಿ ಹೆಚ್ಚಿನವು ಬೀಸ್‌ಮೆಯರ್ ಶೈಲಿಯ ಫೆನ್ಸ್‌ಗೆ ಮಾಡಿದವು. ಅಂದರೆ ನೆಟ್ಟನೆ ಪಕ್ಕಗಳ ಗಟ್ಟಿ ಆಯತದ ಪೈಪು. ನನ್ನ ಯಂತ್ರದ ಫೆನ್ಸ್ ಮೇಲೆ ಅಗಲವಾಗಿ ಕೆಳಗೆ ಸಣ್ಣಗಿದೆ, ಮಧ್ಯೆ ಸ್ಕ್ರೂ ತಲೆಗಳು ಬೇರೆ. ಕೊಳ್ಳಲು ಹೋಗಲೇ ಇಲ್ಲ. ನಮ್ಮ ಬೀದಿಯ ಆಚಾರ್ರು ನನ್ನ ಈ ಒದ್ದಾಟವೆಲ್ಲ ನೋಡಿ ನಕ್ಕರು. "ಮೇಡಂ, ನನ್ನ ಮಿಷಿನ್‌ಗೆ ಸ್ಲಾಟೂ ಇಲ್ಲ, ಏನೂ ಇಲ್ಲ. ಒಂದು ಗೈಡ್ ಕಟ್ಕೊಂಡ್ರೆ ಮುಗೀತು" ಅಂದರು. ಅವರದು 7 ಇಂಚಿನ ಕಟ್ಟರ್ ಅನ್ನು ತಲೆಕೆಳಗು ಮಾಡಿ ಪ್ಲೈವುಡ್ ಹಲಗೆಯ ಕೆಳಗೆ ಕಟ್ಟಿದ್ದು. ಕೆಲಸವೇನೋ ಅಚ್ಚುಕಟ್ಟು. ಆದರೆ ಬ್ಲೇಡಿನ ಹಿಂದೆ ರೈವಿಂಗ್ ನೈಫ್ ಇಲ್ಲದ ಆ ಯಂತ್ರದ ಎದುರು ನಿಲ್ಲಲು ನನಗೆ ಧೈರ್ಯವಿಲ್ಲ. ಅವರಿಗೂ ಹೇಳಿದ್ದೇನೆ. "ನೋಡೋಣ ಮೇಡಂ" ಅನ್ನುತ್ತಾರೆ.

ಆ ರೈವಿಂಗ್ ನೈಫ್ ಕೂಡ ಹೊಂದಾಣಿಕೆಯ ವಿಷಯವೇ. ಬ್ಲೇಡಿನ ಹಿಂದೆ ನಿಂತು ಕೊಯ್ದ ಸೀಳು ಮುಚ್ಚಿಕೊಳ್ಳದಂತೆ ತಡೆಯುವ ಉಕ್ಕಿನ ತಗಡು ಅದು. ಅದರ ದಪ್ಪ ಬ್ಲೇಡಿನ ಮೈಗಿಂತ ಜಾಸ್ತಿ, ಹಲ್ಲಿನ ಅಗಲಕ್ಕಿಂತ ಕಮ್ಮಿ ಇರಬೇಕು. ನನ್ನದರ ಮೇಲೆ 2.3 ಅಂತ ಕೊರೆದಿದೆ. ಹಲ್ಲು 3.0, ಮೈ 2.0 ಇರುವ ಬ್ಲೇಡ್ ಸರಿಹೋಗುತ್ತದೆ. ಮರ ಉಳಿಯುತ್ತೆ ಅಂತ ಹಲ್ಲಿನ ಅಗಲ 2 ಮಿ.ಮೀ.ಗೂ ಕಮ್ಮಿ ಇರುವ ತೆಳು ಬ್ಲೇಡ್ ಹಾಕಿದರೆ ಹಲಗೆ ಅರ್ಧ ಹೋಗಿ ನೈಫ್‌ಗೆ ಡಿಕ್ಕಿ ಹೊಡೆದು ನಿಲ್ಲುತ್ತದೆ. ಆಗ ನೈಫ್ ಬಿಚ್ಚಿಡುವ ಆಸೆ ಬರುತ್ತದೆ. ಬಿಚ್ಚಬೇಡಿ, ಬ್ಲೇಡ್ ಬದಲಿಸಿ.

ಈಗ ತಂಗಿಯ ಮಗನ ಉಡುಗೊರೆ. ಬಾಕ್ಸ್ ಜಾಯಿಂಟ್ ಜಿಗ್, ಜೊತೆಗೆ ಅದಕ್ಕೇ ಅಂತ ಮಾಡಿದ 8 ಇಂಚಿನ ಜೋಡಿ ಬ್ಲೇಡ್. ಡಬ್ಬಿಯ ಮೂಲೆಗಳಲ್ಲಿ ಬೆರಳು ಬೆರಳು ಹೆಣೆದಂತೆ ಕಾಣುವ ಜೋಡಣೆ ಇದೆಯಲ್ಲ, ಅದಕ್ಕೆ. "ದೊಡ್ಡಮ್ಮ, ಅಲ್ಲಿ ಎಲ್ಲರ ಹತ್ರಾನೂ ಇದೇ ಇರೋದು" ಅಂದ. ಇರುತ್ತದೆ ಕಣಪ್ಪಾ, ಅಲ್ಲಿ. ಅಮೆರಿಕದ ಟೇಬಲ್ ಸಾಗಳ ಅರ್ಬರ್, ಅಂದರೆ ಬ್ಲೇಡ್ ಕೂರುವ ಅಚ್ಚುಕಂಬಿ, ಇಂಚಿನ ಎಂಟರಲ್ಲಿ ಐದು ಭಾಗ, ಅಂದರೆ ಸುಮಾರು 15.9 ಮಿ.ಮೀ. ನನ್ನದು 30. ದೊಡ್ಡ ತೂತಿನ ಬ್ಲೇಡಿಗೆ ಉಂಗುರ ಹಾಕಿ ಸಣ್ಣ ಅರ್ಬರ್‌ಗೆ ಕೂರಿಸಬಹುದು. ಸಣ್ಣ ತೂತಿನ ಬ್ಲೇಡನ್ನು ದಪ್ಪ ಅರ್ಬರ್‌ಗೆ ಏನು ಮಾಡಿದರೂ ಕೂರಿಸಲು ಬರುವುದಿಲ್ಲ.

ತೂತು ದೊಡ್ಡದು ಮಾಡಿಸು ಅಂದ ಮಹಾರಾಯರೂ ಇದ್ದಾರೆ. ಅದೊಂದೇ ಆಗಿದ್ದರೆ ಯೋಚನೆ ಮಾಡಬಹುದಿತ್ತೇನೋ. ಆದರೆ ಎರಡು ಬ್ಲೇಡ್ ಜೋಡಿಸಿದರೆ ದಪ್ಪ 9.5ರವರೆಗೆ ಹೋಗುತ್ತದೆ. ನನ್ನ ಯಂತ್ರದ ಅರ್ಬರ್ ಗಿಡ್ಡ. ಅಷ್ಟು ದಪ್ಪ ಹಾಕಿದ ಮೇಲೆ ನಟ್ ಪೂರ್ತಿ ಕೂರಲು ಮರೆ ಉಳಿಯುವುದಿಲ್ಲ. ಯುರೋಪಿನ ಮಾರುಕಟ್ಟೆಗೆ ಅಂತ ಮಾಡಿದ ಯಂತ್ರಗಳೆಲ್ಲ ಹೆಚ್ಚುಕಮ್ಮಿ ಹೀಗೇ. ಸ್ವಿಚ್ ಆರಿಸಿದ 10 ಸೆಕೆಂಡಿನೊಳಗೆ ಬ್ಲೇಡ್ ನಿಲ್ಲಬೇಕು ಅನ್ನುವುದು ಅಲ್ಲಿನ ಕಟ್ಟುನಿಟ್ಟು, ಭಾರದ ಬ್ಲೇಡ್ ಜೋಡಿಗೆ ಅಲ್ಲಿ ಪ್ರೋತ್ಸಾಹ ಇಲ್ಲ. ಜೊತೆಗೆ 10 ಇಂಚಿಗೆ ಅಂತ ಇರುವ ರೈವಿಂಗ್ ನೈಫ್ 8 ಇಂಚಿನ ಬ್ಲೇಡಿಗಿಂತ ಮೇಲೆ ಚಾಚಿಕೊಂಡಿರುತ್ತದೆ, ಅದನ್ನು ಬಿಚ್ಚದೆ ಈ ಕೆಲಸ ಆಗುವುದೇ ಇಲ್ಲ. ಕೈಪಿಡಿಯಲ್ಲಿ ಒಂದೇ ಬ್ಲೇಡ್ ಹಾಕಿ ಅಂತ ದಪ್ಪಕ್ಷರದಲ್ಲಿದೆ. ಅಲ್ಲಿಗೆ ಮಾತು ಮುಗಿಯಿತು.

ಬ್ಲೇಡ್ ಬಿಟ್ಟು ಜಿಗ್ ಒಂದನ್ನೇ ನನ್ನ 3 ಮಿ.ಮೀ. ಬ್ಲೇಡಿನ ಜೊತೆ ಬಳಸಿ ನೋಡಿದೆ. ಅದರ ಪಿನ್ ಕಾಲು ಇಂಚಿನದು, 6.35. ಎರಡು ಕೊಯ್ತಕ್ಕೆ 6 ಬರುತ್ತದೆ, ಉಳಿದ 0.35ಕ್ಕೆ ಮೂರನೆಯ ಸಲ ಸವರಬೇಕು. ಮೇಲಾಗಿ ಮಾಮೂಲಿ ಬ್ಲೇಡಿನ ಹಲ್ಲು ಒಂದು ಎಡಕ್ಕೆ ಒಂದು ಬಲಕ್ಕೆ ಓರೆಯಾಗಿರುತ್ತದೆ. ಕೊಯ್ದ ತೋಡಿನ ತಳ ಮಟ್ಟವಾಗಿ ಬರದೆ ಎರಡು ಮೂಲೆಯಲ್ಲಿ ಗೀರು ಉಳಿಯುತ್ತದೆ. ಉಳಿ ಹಿಡಿದು ಕೂತರೆ ಅದಕ್ಕಿಂತ ಬೇಗ ಆಗುತ್ತದೆ. ಇದಕ್ಕೆ ಅಂಕ ಕೊಡುವುದು ನ್ಯಾಯವಲ್ಲ, ಸರಿಯಾದ ಯಂತ್ರದಲ್ಲಿ ಇದು ಒಳ್ಳೆಯ ಜಿಗ್ಗೇ.

ನನ್ನ ಶೆಡ್‌ನಲ್ಲಿ ದಿನಾ ಕೆಲಸ ಮಾಡುವುದು ಮಾತ್ರ ಕೊಂಡ ಸಾಮಾನಲ್ಲ, ನಾನೇ ಮಾಡಿಕೊಂಡ ಕ್ರಾಸ್‌ಕಟ್ ಸ್ಲೆಡ್, ಅಂದರೆ ಕೊಯ್ಯುವ ಹಲಗೆಯನ್ನು ಮೇಲಿಟ್ಟುಕೊಂಡು ಸ್ಲಾಟಿನಲ್ಲಿ ಜಾರುವ ತಟ್ಟೆ. 12 ಮಿ.ಮೀ. ಪ್ಲೈವುಡ್ ತಳ, ಮುಂದೆ ಹಿಂದೆ ತೇಗದ ಪಟ್ಟಿ. ಕೆಳಗಿನ ಓಡುಪಟ್ಟಿಗೆ ಮೊದಲು ಒಣಗಿದ ತೇಗವನ್ನೇ ಹಾಕಿದ್ದೆ. ಬೇಸಿಗೆಯಲ್ಲಿ ಬೆಣ್ಣೆಯಂತೆ ಓಡಿತು. ಮಳೆಗಾಲ ಹಿಡಿದ ಮೇಲೆ ಉಬ್ಬಿ ನಿಂತಿತು. ಮಲೆನಾಡಿನ ಹೊಸಿಲಲ್ಲಿ ಇರುವವರಿಗೆ ಇದು ಹೊಸತಲ್ಲ, ಬಾಗಿಲುಗಳೂ ಹಾಗೇ ಮಾಡುತ್ತವೆ. ನೈಲಾನ್ ಹಾಕಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಅದೂ ನೀರಿನ ಪಸೆ ಕುಡಿದು ಉಬ್ಬುತ್ತದೆ. ತರಕಾರಿ ಹೆಚ್ಚುವ ಬಿಳಿ ಪ್ಲಾಸ್ಟಿಕ್ ಮಣೆ ಬರುತ್ತದಲ್ಲ, ಎಚ್‌ಡಿಪಿಇದು, ಅದನ್ನು ಕೊಯ್ದು ಪಟ್ಟಿ ಮಾಡಿದೆ. ತೇವಕ್ಕೆ ಅಲುಗಾಡುವುದಿಲ್ಲ, ಜಾರುತ್ತದೆ, ಅಗ್ಗ. ಕಬ್ಬಿಣದ ಅಂಗಡಿಯ ಪಟ್ಟಿ ನೋಡಿದೆ, 20 ಮಿ.ಮೀ. ಇತ್ತು. ಸ್ಲಾಟಿಗೆ ಇಳಿಯಬೇಕಾದರೆ ಉದ್ದಕ್ಕೂ ಅರ ಹಾಕಿ ಉಜ್ಜಬೇಕು. ಯಾರಿಗೆ ಬೇಕು?

ಈ ಸ್ಲೆಡ್ ನನ್ನ ಯಂತ್ರ ಒಂದಕ್ಕೇ ಆಗುತ್ತದೆ. ಅದರ ತಳದ ಸೀಳು ನನ್ನ ಬ್ಲೇಡಿನದು, ಪಟ್ಟಿಯ ಅಗಲ ನನ್ನ ಸ್ಲಾಟಿನದು, ಸ್ಲಾಟಿನಿಂದ ಬ್ಲೇಡಿಗೆ ಇರುವ ದೂರವೂ ನನ್ನದೇ. ಅದಕ್ಕೇ ಚೆನ್ನಾಗಿ ಕೊಯ್ಯುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಮಾರಾಟಕ್ಕೆ ಬರುವ ಸ್ಲೆಡ್‌ಗಳು ಚೆನ್ನಾಗಿರಬಹುದು. ಆದರೆ ಕ್ಯಾಬಿನೆಟ್ ಸಾ ಲೆಕ್ಕದಲ್ಲಿ ಮಾಡಿದ್ದನ್ನು ಹಗುರ ಯಂತ್ರದ ಮೇಲೆ ಇಟ್ಟು ಹಿಂದಕ್ಕೆ ಎಳೆದರೆ ಸ್ಟ್ಯಾಂಡ್ ಸಮೇತ ಮೈಮೇಲೆ ವಾಲುತ್ತದೆ.

ಕೊಳ್ಳುವವರು ಮಾರುವವರಿಗೆ ಕೇಳಬೇಕಾದ್ದು ‘ನನ್ನ ಮಾಡೆಲ್‌ಗೆ ಆಗುತ್ತಾ’ ಅಂತಲ್ಲ. ಆ ಪ್ರಶ್ನೆಗೆ ಎಲ್ಲರೂ ‘ಆಗುತ್ತೆ’ ಅಂತಲೇ ಉತ್ತರ ಕೊಡುತ್ತಾರೆ. ನನಗೂ ಗೇಜ್ ಮಾರಿದವರು ಹಾಗೇ ಕೊಟ್ಟರು. ಬಾರ್‌ನ ಅಗಲ ಎಷ್ಟು, ದಪ್ಪ ಎಷ್ಟು, ಬಿಲ್ಲೆ ಬಿಚ್ಚಲು ಬರುತ್ತದಾ, ಬಾರ್ ಅಲ್ಯೂಮಿನಿಯಮ್ಮಾ ಉಕ್ಕಾ, ಇಷ್ಟು ಕೇಳಿ. ಉತ್ತರ ಬರದಿದ್ದರೆ ವಾಪಸ್ ಕಳಿಸುವ ಗಡುವು ನೋಡಿಕೊಂಡು ತರಿಸಿ, ಬಂದ ದಿನವೇ ಸ್ಲಾಟಿಗೆ ಇಟ್ಟು ನೋಡಿ. ಲೇತ್‌ಗೆ ಕೊಟ್ಟ ಮೇಲೆ ವಾಪಸ್ ತಗೊಳ್ಳುವುದಿಲ್ಲ.

ಬಾಕ್ಸ್ ಜಾಯಿಂಟ್ ಜಿಗ್ ಮತ್ತು ಬ್ಲೇಡ್ ಜೋಡಿ ಎಣ್ಣೆ ಹಚ್ಚಿಸಿಕೊಂಡು ಅಟ್ಟದ ಮೇಲಿವೆ. ಅಮೆರಿಕದಿಂದ ಯಂತ್ರವನ್ನೇ ಹೊತ್ತು ತಂದು ಟ್ರಾನ್ಸ್‌ಫಾರ್ಮರ್ ಹಾಕಿ ಓಡಿಸುತ್ತಿರುವವರು ಈ ಕಡೆ ಯಾರಾದರೂ ಇದ್ದರೆ ಸುಮ್ನೆ ಕೊಟ್ಟುಬಿಡುತ್ತೇನೆ. ತಂಗಿಯ ಮಗನನ್ನು ಕೇಳಿದ್ದೇನೆ, ಅವನ ಒಪ್ಪಿಗೆ ಇದೆ. ಮುಂದಿನ ಸಲ ಬರುವಾಗ ಇನ್ನೇನು ತರಲಿ ಅಂತ ಕೇಳಿದ. ಮರಗೋಂದು ತಾ ಅಂದೆ. ಅದಕ್ಕೆ ಸ್ಲಾಟ್ ಬೇಕಿಲ್ಲ.